ನಂಬಾ ಗ್ರಾಂಡ್ ಕಗೆತ್ಸು: ಒಂದು ಮಾತಿಗೆ ಉತ್ತರ ಹುಡುಕಿಕೊಂಡು ಹೋದೆ

ನಮ್ಮ ಒಸಾಕಾ ಆಫೀಸಿನಲ್ಲಿ ಹಿರಿಯರೊಬ್ಬರಿದ್ದಾರೆ. ಬಾಗಿಲಲ್ಲಿ ನಿಂತು 'ಜಾಮಾ ಸುರು ದೇ' ಅನ್ನುತ್ತಾರೆ. ತೊಂದರೆ ಕೊಡ್ತೀನಿ, ಒಳಗೆ ಬರ್ತೀನಿ ಅಂತ ಅರ್ಥ. ನಾನು 'ಬನ್ನಿ ಬನ್ನಿ' ಅಂದರೆ ಅವರ ಮುಖ ಸಪ್ಪಗಾಗುತ್ತಿತ್ತು. ಯಾಕೆ ಅಂತ ಗೊತ್ತಾಗಿದ್ದು ಈ ಥಿಯೇಟರಿನಲ್ಲಿ.

ನಂಬಾ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಅಡುಗೆ ಪಾತ್ರೆ ಮಾರುವ ದೋಗುಯಾಸುಜಿ ಬೀದಿ ಹತ್ತಿರದಲ್ಲೇ ಇದೆ. 1912ರಲ್ಲಿ ಶುರುವಾದ, ಹಾಸ್ಯ ಕಲಾವಿದರ ಯೋಶಿಮೊಟೊ ಕಂಪನಿ ಇದನ್ನು ಕಟ್ಟಿ ತೆರೆದದ್ದು 1987ರಲ್ಲಿ.

ಮೊದಲು ಮನ್ಜಾಯ್, ಅಂದರೆ ಜೋಡಿ ಹಾಸ್ಯ. ಮೈಕ್ ಮುಂದೆ ಇಬ್ಬರು. ಒಬ್ಬ ಪೆದ್ದುಪೆದ್ದಾಗಿ ಏನೋ ಹೇಳುತ್ತಾನೆ, ಅವನು ಬೊಕೆ. ಇನ್ನೊಬ್ಬ ತ್ಸುಕ್ಕೊಮಿ, ಅವನ ಎದೆಗೆ ಕೈ ಬೀಸಿ 'ನಾಂದೆ ಯಾ ನೆನ್!' ಅಂತಾನೆ. ಏನಪ್ಪಾ ಇದು, ಯಾಕೆ ಹೀಗೆ ಅಂದ ಹಾಗೆ. ಟ್ರೇನಿನಲ್ಲಿ ಶಾಲೆ ಮಕ್ಕಳ ಬಾಯಲ್ಲೂ ಇದೇ ಮಾತು.

ನಾನು ಹೋಗಿದ್ದು ಮಾತ್ರ ಅದರ ನಂತರದ ಶಿನ್‌ಕಿಗೆಕಿ ಅನ್ನುವ ನಗೆ ನಾಟಕಕ್ಕೆ. 1959ರಿಂದ ನಡೆದುಕೊಂಡು ಬಂದಿದೆ. ಪರದೆ ಎದ್ದಾಗ ಒಂದು ಊದೋನ್ (ದಪ್ಪ ನೂಡಲ್ಸ್) ಹೋಟೆಲ್. ರೌಡಿಯೊಬ್ಬ ಬಂದು 'ಜಾಮಾ ಸುರು ದೇ' ಎಂದ. ಹೋಟೆಲಿನಾಕೆ ತಲೆ ಎತ್ತದೆ, 'ಜಾಮಾ ಸುನ್ನೆನ್ ಯಾತ್ತಾರಾ ಕಾಯೆತ್ತೆ', ತೊಂದರೆ ಕೊಡೋದಾದ್ರೆ ವಾಪಸ್ ಹೋಗು, ಎಂದಳು. ಅವನು 'ಹಾಯ್ ಯೋ', ಆಯ್ತು, ಅಂತ ಹೊರಟೇಬಿಟ್ಟ! ಮರುಕ್ಷಣ 'ನಾಂದೆ ಯಾ ನೆನ್' ಎಂದು ಓಡಿ ಬಂದ. ಪಕ್ಕದ ಅಜ್ಜಿ ಪ್ರತಿ ಮಾತನ್ನೂ ಮೊದಲೇ ತುಟಿಯಲ್ಲಿ ಆಡುತ್ತಿದ್ದರು. ತಮ್ಮ ಮಕ್ಕಳು ಶನಿವಾರ ಅರ್ಧ ದಿನ ಶಾಲೆ ಮುಗಿಸಿ ಬಂದು, ಊಟ ಮಾಡುತ್ತಾ ಟೀವಿಯಲ್ಲಿ ಇದನ್ನೇ ನೋಡುತ್ತಿದ್ದರಂತೆ. ನನಗೆ ನಮ್ಮೂರಿನ ಶನಿವಾರದ ಬೆಳಗಿನ ಶಾಲೆ ನೆನಪಾಯಿತು.

ಟೀವಿಯಿಂದ ಬಂದ ಮಾತುಗಳು ಬೇರೆಯೂ ಇವೆ. 2003ರ ಸುಮಾರಿಗೆ ಹಾಸ್ಯಗಾರ ಡ್ಯಾಂಡಿ ಸಕಾನೋ ಅವರ 'ಗೆಟ್ಸ್!' ದೇಶವೆಲ್ಲ ಓಡಾಡಿತ್ತು. ಅದು ಒಬ್ಬರೇ ಹೇಳಿ ಮುಗಿಸುವ ಮಾತು. 'ಜಾಮಾ ಸುರು ದೇ'ಗೆ ಎದುರಿನವರು ಉತ್ತರ ಕೊಡಬೇಕು. ಅದಕ್ಕೇ ನನಗೆ ಇದು ಜಾಸ್ತಿ ಇಷ್ಟ. ಕಲಾವಿದರು ಆಡುವ ಪದಗಳೂ ಹಾಗೇ ಆಫೀಸಿಗೆ ಬಂದಿವೆ. ಜೋಕಿಗೆ ಯಾರೂ ನಗದಿದ್ದರೆ 'ಸುಬೆತ್ತಾ', ಜಾರಿತು. ಮಾತು ತೊದಲಿದರೆ 'ಕಂದಾ', ನಾಲಿಗೆ ಕಚ್ಚಿಕೊಂಡೆ. ಮೀಟಿಂಗಿನಲ್ಲಿ ಮೊದಲ ಸಲ ಇದನ್ನು ಕೇಳಿದಾಗ ಅಮ್ಮ ಕರೆದ ಹಾಗಾಯಿತು.

ನಾಟಕವೆಲ್ಲ ಒಸಾಕಾದ ಆಡುಮಾತಿನಲ್ಲಿದೆ. ಜಪಾನೀ ಸ್ವಲ್ಪವಾದರೂ ಬರುವವರು ಖಂಡಿತ ಹೋಗಿ. ಬಾರದವರು ಊದೋನ್ ಹೋಟೆಲಿನ ಆ ಮಾತುಗಳನ್ನು ಕಲಿತು ಹೋಗಿ. ವೇದಿಕೆಯ ಮೇಲೆ ಎಲ್ಲರೂ ಒಟ್ಟಿಗೆ ದಡಾರನೆ ಬೀಳುವುದನ್ನು ನೋಡಿ ನಗುವುದಕ್ಕಂತೂ ಭಾಷೆ ಬೇಡ.

ಸೋಮವಾರ ಹಿರಿಯರು ಬಾಗಿಲಿಗೆ ಬಂದರು. 'ಜಾಮಾ ಸುರು ದೇ.'

'ಜಾಮಾ ಸುನ್ನೆನ್ ಯಾತ್ತಾರಾ ಕಾಯೆತ್ತೆ' ಎಂದೆ.

ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. 'ಹಾಯ್ ಯೋ' ಎಂದು ತಿರುಗಿ, ಲಿಫ್ಟಿನವರೆಗೂ ನಡೆದೇ ಹೋದರು.