ಎರಡು ಪ್ಯಾಕೆಟ್ ಡೈ, ಒಂದು ಲಾಂಗ್ ಬುಕ್: ಬಳಸಿ ನೋಡಿದವಳ ಅಭಿಪ್ರಾಯ

2024ರ ಜನವರಿ 8, ಸೋಮವಾರ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಎರಡು ಸಾಮಾನು ಕೊಂಡೆ. ಒಂದು, ತಲೆಗೆ ಹಚ್ಚುವ ಕಪ್ಪು ಪುಡಿ ಡೈ, ಎರಡು ಪ್ಯಾಕೆಟ್. ಇನ್ನೊಂದು, 200 ಪುಟದ ಲಾಂಗ್ ಬುಕ್. ಡೈ ತಂದಿದ್ದು ಕೆಲಸ ಉಳಿಸಿಕೊಳ್ಳೋಕೆ. ಬುಕ್ ತಂದಿದ್ದು ಹಾಲಿನ ಲೆಕ್ಕ ಬರೆಯೋಕೆ. ಎರಡನ್ನೂ ಚೆನ್ನಾಗಿ ಬಳಸಿದ್ದೇನೆ, ಹಾಗಾಗಿ ವಿಮರ್ಶೆ ಬರೆಯುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ನಾನು ಈ ಊರಿನ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯ ಕೌಂಟರಿನಲ್ಲಿ ಹದಿನೇಳು ವರ್ಷ ರೇಷ್ಮೆ ಸೀರೆ ತೋರಿಸುತ್ತಿದ್ದೆ. ಅಂಗಡಿಯ ಹೆಸರು ಬೇಡ. ಸೇರಿದ್ದು 2007ರ ಜೂನ್‌ನಲ್ಲಿ, ಆಗ ನನಗೆ 32. ಸೀರೆಯ ಒಳಸೆರಗಿನಿಂದ ಒಂದು ಎಳೆ ಕಿತ್ತು ಸುಟ್ಟರೆ ಕೂದಲು ಸುಟ್ಟ ವಾಸನೆ ಬರಬೇಕು, ಬೂದಿ ಬೆರಳಲ್ಲಿ ಪುಡಿಯಾಗಬೇಕು. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿ ಆಗಿಬಿಡುತ್ತದೆ. ಹೊಸದರಲ್ಲಿ ಹೀಗೆ ಕಲಿತೆ. ಆಮೇಲೆ ಸುಡುವ ಅಗತ್ಯವೇ ಬೀಳಲಿಲ್ಲ, ಹೆಬ್ಬೆರಳೇ ಹೇಳುತ್ತಿತ್ತು. ಅಡಿಕೆ ಮಾರಿ ದುಡ್ಡು ಕೈಗೆ ಬಂದ ಮೇಲೆ ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಮದುವೆ ಜವಳಿಗೆ ಜೀಪು ತುಂಬ ಜನ ಬರುತ್ತಾರೆ. ಅವರಲ್ಲಿ ಅಕ್ಕನ ಮದುವೆ ಸೀರೆಯನ್ನೂ ನಾನೇ ತೋರಿಸಿ, ತಂಗಿಯದ್ದನ್ನೂ ನಾನೇ ತೋರಿಸಿದ ಮನೆಗಳಿವೆ.

2023ರ ದೀಪಾವಳಿ ಹೊತ್ತಿಗೆ ಸಣ್ಣ ಯಜಮಾನರು ಬೆಂಗಳೂರಿನಿಂದ ವಾಪಸ್ ಬಂದು ಅಂಗಡಿ ನೋಡಿಕೊಳ್ಳೋಕೆ ಶುರು ಮಾಡಿದರು. ಬಾಗಿಲಿಗೆ ಒಂದು ಚೀಟಿ ಅಂಟಿತು: ‘ಸೇಲ್ಸ್ ಗರ್ಲ್ಸ್ ಬೇಕಾಗಿದ್ದಾರೆ. ವಯಸ್ಸು 18ರಿಂದ 28.’ ನಾನದನ್ನು ಓದಿ ಒಳಗೆ ಹೋಗಿ ಕೆಲಸ ಮಾಡಿದೆ. ಅದು ಹೊಸಬರಿಗೆ ಬರೆದ ಚೀಟಿ, ನಮಗಲ್ಲ ಅಂತ. ಡಿಸೆಂಬರ್ ಕೊನೆಗೆ ಅವರು ಎಲ್ಲರ ಎದುರೇ ‘ಮೇಲಿನ ಕೌಂಟರ್‌ಗೆ ಸ್ವಲ್ಪ ಫ್ರೆಶ್ ಮುಖ ಬೇಕು’ ಅಂದರು. ಅಷ್ಟು ದಿನ ‘ಅಕ್ಕ’ ಆಗಿದ್ದವಳು ಅವತ್ತಿನಿಂದ ‘ಆಂಟಿ’ ಆದೆ. ಹಾಗಾಗಿ ಡೈ.

ಈಗ ಡೈ ವಿಷಯಕ್ಕೆ ಬರೋಣ. ಬಣ್ಣ ಕೂತಿದ್ದು ಚೆನ್ನಾಗಿಯೇ. ಜಾಸ್ತಿಯೇ ಚೆನ್ನಾಗಿ, ಅಷ್ಟು ಕಪ್ಪು ನನ್ನ ತಲೆ ಹುಟ್ಟಿದಾಗಲೂ ಇರಲಿಲ್ಲವೇನೋ. ನೀರಲ್ಲಿ ಕಲಸಿ ಬ್ರಶ್ಶಿನಲ್ಲಿ ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೆಯಬೇಕು. ಕಿವಿಯ ಮೇಲ್ತುದಿ, ಹಣೆಯ ಅಂಚು, ಬಚ್ಚಲ ಕಲ್ಲು, ಒಂದು ಒಳ್ಳೆ ಟವೆಲ್, ಎಲ್ಲಕ್ಕೂ ಬಣ್ಣ ಬಂತು. ಪ್ಯಾಕೆಟ್ಟಿನ ಹಿಂದೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ: ಮೊದಲು ಚರ್ಮಕ್ಕೆ ಸ್ವಲ್ಪ ಹಚ್ಚಿ 48 ಗಂಟೆ ಕಾದು ನೋಡಿ ಅಂತ. ಸುಮ್ನೆ ಬರೆದದ್ದಲ್ಲ ಅದು. ಇಂಥ ಡೈಗಳಲ್ಲಿ ಕಪ್ಪು ಕೊಡುವ ಪಿಪಿಡಿ ಅನ್ನೋ ರಾಸಾಯನಿಕ ಕೆಲವರಿಗೆ ಆಗಿಬರುವುದಿಲ್ಲ. ‘ಹೆನ್ನಾ’ ಅಂತ ಹೆಸರಿಟ್ಟ ಕಪ್ಪು ಪುಡಿಯಲ್ಲೂ ಅದು ಇರಬಹುದು, ಬರೀ ಮೆಹಂದಿ ಸೊಪ್ಪು ಕಪ್ಪಾಗಿಸುವುದಿಲ್ಲ ನೋಡಿ. ನಾನು ಕಾಯಲಿಲ್ಲ. ಕತ್ತಿನ ಹಿಂದೆ ನಾಲ್ಕು ದಿನ ಉರಿ, ತುರಿಕೆ. ಇನ್ನು, ಕೂದಲು ತಿಂಗಳಿಗೆ ಒಂದು ಸೆಂಟಿಮೀಟರ್‌ನಷ್ಟು ಬೆಳೆಯುತ್ತದೆ. ಮೂರನೇ ವಾರಕ್ಕೆ ಬೈತಲೆಯ ಎರಡೂ ಕಡೆ ಬೆಳ್ಳಿ ಅಂಚು ಬಂತು. ಕಪ್ಪು ಸೀರೆಗೆ ಬಿಳಿ ಜರಿ ಹಾಕಿದ ಹಾಗೆ.

ಮುಖ್ಯ ಪ್ರಶ್ನೆ, ಕೆಲಸಕ್ಕೆ ಬಂತಾ? ಡೈ ಹಚ್ಚಿಕೊಂಡು ಹೋದ ಮೊದಲ ದಿನ ಸಣ್ಣ ಯಜಮಾನರು ತಲೆ ಎತ್ತಿ ನೋಡಿ, ‘ಆಂಟಿ, ಇವತ್ತು ಗೋಡೌನ್ ಸ್ಟಾಕ್ ಎಣಿಸಿಬಿಡಿ’ ಅಂದರು.

ಅವತ್ತು ರಾತ್ರಿ ಹಾಲಿನ ಲೆಕ್ಕ ಬರೆದೆ. ‘ಹಾಲು ಒಂದು ಲೀಟರ್. ಮೊಸರು ಒಂದು.’ ಅದರ ಕೆಳಗೆ ಕೈ ತಾನಾಗೇ ಬರೆಯಿತು: ‘ಇವತ್ತು ಗೋಡೌನಿಗೆ ಕಳಿಸಿದರು. ಆಂಟಿ ಅಂದರು.’ ಬರೀ ಸಿಟ್ಟಿಗೆ ಬರೆದದ್ದು. ಮರುದಿನವೂ ಬರೆದೆ. ವಾರ ಕಳೆದ ಮೇಲೆ ಹಾಲಿಗೆ ಒಂದು ಸಾಲು, ಅಂಗಡಿಗೆ ಎಂಟು ಸಾಲು ಆಯಿತು. ಕೆಲವು ಪುಟ ಹೀಗಿವೆ:

ಜನವರಿ 19, ಶುಕ್ರ. ಟ್ಯಾಬಿನಲ್ಲಿ ಬಿಲ್ ಹಾಕೋದು ಕಲಿಸಿದರು. ಹೊಸ ನಾಲ್ಕು ಹುಡುಗಿಯರಿಗೆ ಮಾತ್ರ. ನನಗೂ ಕಲಿಸಿ ಅಂದೆ. ‘ನಿಮಗ್ಯಾಕೆ ಆಂಟಿ ಆ ತಲೆನೋವು’ ಅಂದರು. ಫಾಲ್ಸ್ ಹೊಲಿಯುವ ಹುಡುಗ ಪಕ್ಕದಲ್ಲೇ ಇದ್ದ.

ಫೆಬ್ರವರಿ 3, ಶನಿ. ಮೇಲಿನ ಕೌಂಟರಿನಿಂದ ಇನ್ನಿಬ್ಬರನ್ನೂ ಕೆಳಗೆ ಕಳಿಸಿದರು. ಒಬ್ಬಳಿಗೆ 46, ಒಬ್ಬಳಿಗೆ 51.

ಮಾರ್ಚ್ 10, ಭಾನು. ತೀರ್ಥಹಳ್ಳಿ ಕಡೆಯವರು ನನ್ನನ್ನೇ ಕೇಳಿ ಗೋಡೌನಿನಿಂದ ಕರೆಸಿದರು. ಎರಡು ಮದುವೆ ಸೀರೆ, ಐದು ಉಡುಗೊರೆ ಸೀರೆ. ಬಿಲ್ಲಿನಲ್ಲಿ ಸೇಲ್ಸ್ ಹೆಸರು ಬೇರೆಯವಳದ್ದು. ಇನ್ಸೆಂಟಿವ್ ಇಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಏನು ಬದಲಾದರೂ ವಯಸ್ಸಿನ ಮೇಲೆ ಹಾಕಬಾರದು. ಟ್ಯಾಬ್ ಬಂದದ್ದು ಅನ್ಯಾಯ ಅಲ್ಲ. ನಮ್ಮ ವಾಚ್‌ಮನ್ ಅಣ್ಣ ಮಂಡಿನೋವು ಅಂತ ತಾನೇ ಕೇಳಿ ಕೂರುವ ಕೆಲಸಕ್ಕೆ ಹೋದ, ಅದೂ ಅಲ್ಲ. ಆದರೆ ಬುಕ್ಕಿನಲ್ಲಿ ಹಿಂದಕ್ಕೆ ತಿರುಗಿಸಿ ನೋಡಿದಾಗ ಕೆಳಗೆ ಹೋದ ಮೂವರಿಗೂ 45 ದಾಟಿತ್ತು. ನನಗಿಂತ ಕಡಿಮೆ ಮಾರುವ 24ರ ಹುಡುಗಿ ಮೇಲೇ ಇದ್ದಳು. ನಾವು ನಿಧಾನ ಅಂತ ಬಾಯಲ್ಲಿ ಹೇಳುತ್ತಿದ್ದರು, ಎಷ್ಟು ಬಿಲ್ ಕಡಿಮೆ ಆಯಿತು ಅಂತ ಒಂದು ದಿನವೂ ತೋರಿಸಲಿಲ್ಲ. ಇದೆಲ್ಲ ಬಿಡಿಬಿಡಿಯಾಗಿ ನಡೆಯುವಾಗ ಗೊತ್ತಾಗುವುದಿಲ್ಲ. ಪ್ರತಿ ಸಲವೂ ‘ಹೋಗ್ಲಿ ಬಿಡು’ ಅನ್ನಿಸುತ್ತದೆ. ಇನ್ನೊಂದು ತಮಾಷೆ. ಕೆಳಗಿನ ಸೂಟಿಂಗ್ ವಿಭಾಗದ ಅಣ್ಣನಿಗೆ 55. ಪೂರ್ತಿ ನರೆತ ತಲೆ. ಅವರನ್ನು ಯಾರೂ ಅಲುಗಿಸಲಿಲ್ಲ. ಗಂಡಸರ ನರೆ ಅನುಭವ, ನಮ್ಮದು ಬರೀ ನರೆ.

ಮೇ 13ಕ್ಕೆ ನನ್ನನ್ನು ಕರೆದರು. ಮೇಜಿನ ಮೇಲೆ ಟೈಪು ಮಾಡಿದ ಹಾಳೆ. ‘ವೈಯಕ್ತಿಕ ಕಾರಣದಿಂದ ರಾಜೀನಾಮೆ ಕೊಡುತ್ತಿದ್ದೇನೆ’ ಅಂತ ನನ್ನ ಪರವಾಗಿ ಅವರೇ ಬರೆದಿದ್ದರು. ‘ಮಗ ಕೆಲಸಕ್ಕೆ ಸೇರಿದ್ದಾನಲ್ಲ ಆಂಟಿ, ಇನ್ನು ಆರಾಮಾಗಿ ಮನೇಲಿರಿ. ಖುಷಿಗೆ 40,000 ಕೊಡ್ತೀವಿ’ ಅಂದರು. ಪೆನ್ನು ನನ್ನ ಕಡೆ ತಳ್ಳಿದರು. ಕನ್ನಡಕ ತಂದಿಲ್ಲ, ನಾಳೆ ಓದಿ ಹೇಳ್ತೀನಿ ಅಂದೆ. ಕನ್ನಡಕ ಬ್ಯಾಗಲ್ಲೇ ಇತ್ತು. ವಯಸ್ಸು ಒಂದು ಕೆಲಸಕ್ಕಾದರೂ ಬರಲಿ ಅಂತ.

ಅಲ್ಲಿಂದ 15100ಕ್ಕೆ ಫೋನ್ ಮಾಡಿದೆ. ಅದು ಉಚಿತ ಕಾನೂನು ನೆರವಿನ ಸಹಾಯವಾಣಿ, ನಂಬರು ಬಸ್ಸಿನ ಹಿಂದೆ ಓದಿದ್ದು ನೆನಪಿತ್ತು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅಂದರು. ತುಂಬ ಜನರಿಗೆ ಗೊತ್ತಿಲ್ಲ, 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. ನನಗೆ ಸಿಕ್ಕ ವಕೀಲೆ ನನ್ನ ಮಗನ ವಯಸ್ಸಿನವರು. ನಾನು ‘ಮೇಡಂ’ ಅಂದರೆ ಅವರು ‘ಹೇಳಿ ಅಮ್ಮ’ ಅನ್ನುತ್ತಿದ್ದರು. ಆ ‘ಅಮ್ಮ’ನಲ್ಲಿ ನನಗೇನೂ ಚುಚ್ಚಲಿಲ್ಲ.

ಅವರು ಮೊದಲೇ ಕಹಿ ಹೇಳಿಬಿಟ್ಟರು. ವಯಸ್ಸಿನ ಕಾರಣಕ್ಕೆ ಖಾಸಗಿ ಮಾಲೀಕರು ತಾರತಮ್ಯ ಮಾಡಬಾರದು ಅಂತ ನೇರವಾಗಿ ಹೇಳುವ ಒಂದು ಕಾಯ್ದೆ ನಮ್ಮ ದೇಶದಲ್ಲಿ ಇಲ್ಲ. ಸಂವಿಧಾನದ 16ನೇ ವಿಧಿ ಸರ್ಕಾರಿ ಕೆಲಸಕ್ಕೆ. ಅದರಲ್ಲೂ ಧರ್ಮ, ಜಾತಿ, ಲಿಂಗ ಅಂತೆಲ್ಲ ಇದೆ, ವಯಸ್ಸು ಅನ್ನೋ ಪದ ಇಲ್ಲ. ಏರ್ ಇಂಡಿಯಾದ ಗಗನಸಖಿಯರ ಕೇಸಿನ ಬಗ್ಗೆಯೂ ಹೇಳಿದರು. ಅವರಿಗೆ 35ಕ್ಕೇ ನಿವೃತ್ತಿ, ಅದರ ಮೇಲೆ ಮುಂದುವರಿಸುವುದು ಬಿಡುವುದು ಮೇಲಿನವರ ಇಷ್ಟ. ಮೊದಲ ಸಲ ಬಸಿರಾದರೆ ಕೆಲಸ ಹೋಯಿತು. 1981ರಲ್ಲಿ ಸುಪ್ರೀಂ ಕೋರ್ಟ್ ಆ ಬಸಿರಿನ ನಿಯಮವನ್ನೂ, ಮೇಲಿನವರ ಇಷ್ಟ ಅನ್ನೋದನ್ನೂ ತೆಗೆದುಹಾಕಿತು. ಆದರೆ ವಯಸ್ಸಿನ ಮಿತಿ ಇಡುವುದೇ ತಪ್ಪು ಅನ್ನಲಿಲ್ಲ. ‘ಹಾಗಾಗಿ ಅಮ್ಮ, ಮುಂಬಾಗಿಲು ಇಲ್ಲ. ಹಿತ್ತಲ ಬಾಗಿಲು ಎರಡು ಮೂರು ಇವೆ’ ಅಂದರು.

ಆಗ ಬುಕ್ ತೆಗೆದೆ. ಹಾಲಿನ ಲೆಕ್ಕ ನೋಡಿ ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿ ಅರ್ಧ ಗಂಟೆ ಓದಿದರು. ಅವರಿಗೆ ಇಷ್ಟವಾದದ್ದು ಅದರ ಹೊಲಿಗೆ. ನೂಲಿನಲ್ಲಿ ಹೊಲಿದ ಬುಕ್, ನಡುವೆ ಹಾಳೆ ಕಿತ್ತರೆ ಆ ಕಡೆಯ ಜೋಡಿ ಹಾಳೆ ಸಡಿಲವಾಗಿ ಗೊತ್ತಾಗುತ್ತದೆ, ಹೊಸದು ಸೇರಿಸಲಂತೂ ಆಗುವುದಿಲ್ಲ. ದಿನಾ ಹಾಲಿನ ಲೆಕ್ಕ ಜೊತೆಗೇ ಇರುವುದರಿಂದ ಒಂದೇ ರಾತ್ರಿ ಕೂತು ಬರೆದದ್ದು ಅಂತ ಯಾರೂ ಹೇಳಲಾರರು. ದಿನಾಂಕ, ಅವರಾಡಿದ ಮಾತು ಹಾಗ್ಹಾಗೇ, ಪಕ್ಕದಲ್ಲಿ ಯಾರಿದ್ದರು, ಇಷ್ಟಿದ್ದರೆ ಸಾಕು, ನಿಮ್ಮ ಅಳು ಬರೆಯದಿದ್ದರೂ ನಡೆಯುತ್ತದೆ ಅಂದರು. (ಅಳುವನ್ನೂ ಬರೆದಿದ್ದೆ, ಹತ್ತಾರು ಕಡೆ.) ಬುಕ್ ಒಂದೇ ಸಾಲದು, ಬಾಗಿಲಿನ ಚೀಟಿಯ ಫೋಟೋ, ಸಂಬಳ ಚೀಟಿ, ಪಿಎಫ್ ಪಾಸ್‌ಬುಕ್ ಎಲ್ಲ ಜೋಡಿಸಿ ಅಂದರು.

ಆ ರಾಜೀನಾಮೆಗೆ ಮಾತ್ರ ಸಹಿ ಹಾಕಲೇಬೇಡಿ ಅಂತ ಮೂರು ಸಲ ಹೇಳಿದರು. ಒತ್ತಾಯದಿಂದ ಬರೆಸಿಕೊಂಡ ರಾಜೀನಾಮೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಆದರೆ ಒತ್ತಾಯ ಇತ್ತು ಅಂತ ತೋರಿಸುವ ಹೊರೆ ನಮ್ಮ ತಲೆ ಮೇಲೆ. ತೆಗೆಯುವುದಾದರೆ ಅವರೇ ತೆಗೆಯಲಿ. ಆರು ತಿಂಗಳಿಗಿಂತ ಜಾಸ್ತಿ ದುಡಿದವರನ್ನು ಸರಿಯಾದ ಕಾರಣ ಇಲ್ಲದೆ, ಒಂದು ತಿಂಗಳ ನೋಟೀಸೋ ಅಥವಾ ಅದರ ಸಂಬಳವೋ ಕೊಡದೆ ಅಂಗಡಿಯವರು ತೆಗೆಯುವ ಹಾಗಿಲ್ಲ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹಾಗೆ ಹೇಳುತ್ತದೆ. ಮರುದಿನ ನಾಲ್ಕು ಸಾಲಿನ ಪತ್ರ ಬರೆದು ರಿಜಿಸ್ಟರ್ ಪೋಸ್ಟ್ ಮಾಡಿದೆ: ನಾನು ರಾಜೀನಾಮೆ ಕೊಡುತ್ತಿಲ್ಲ. ಕೆಲಸ ಮಾಡಲು ತಯಾರಿದ್ದೇನೆ. ನನ್ನನ್ನು ಕೌಂಟರಿನಿಂದ ತೆಗೆದ ಕಾರಣವನ್ನು ಬರಹದಲ್ಲಿ ಕೊಡಿ. ಟ್ಯಾಬ್ ಬಿಲ್ಲಿಂಗ್ ನನಗೂ ಕಲಿಸಿ. ಕೋಪದ ಒಂದು ಪದ ಇಲ್ಲ. ವಕೀಲೆ ಅಂಥದ್ದು ಎರಡು ಪದ ಹೊಡೆದುಹಾಕಿದ್ದರು.

ಒಂಬತ್ತು ದಿನ ಸದ್ದಿಲ್ಲ. ಹತ್ತನೇ ದಿನ ಹಿರಿಯ ಯಜಮಾನರು ಕರೆದು ಟೀ ತರಿಸಿದರು. ‘ಬಾಯಲ್ಲಿ ಹೇಳಬಹುದಿತ್ತಲ್ಲಮ್ಮ, ಪೋಸ್ಟ್ ಯಾಕೆ’ ಅಂದರು. ಅವರಿಗೆ 74. ಈಗಲೂ ಗಲ್ಲಾ ಮೇಲೆ ಅವರೇ. ಅವರನ್ನು ಆರಾಮಾಗಿ ಮನೇಲಿರಿ ಅಂತ ಯಾರೂ ಹೇಳಿಲ್ಲ. ನಾನು ಅದನ್ನು ಕೇಳಲಿಲ್ಲ, ಟೀ ಕುಡಿದೆ.

ಕಾನೂನಿನ ದಾರಿಯಲ್ಲಿ ಹೋರಾಡಬಹುದಿತ್ತು. ಎರಡು ವಾರ ಯೋಚಿಸಿದೆ. ಗೆದ್ದು ವಾಪಸ್ ಹೋದರೂ ಅದೇ ಮೆಟ್ಟಿಲು, ಅದೇ ‘ಆಂಟಿ’. ಬಿಡುತ್ತೇನೆ, ಆದರೆ ಲೆಕ್ಕ ಸರಿಯಾಗಿ ಆಗಲಿ ಅಂದೆ. ಸರಿಯೋ ತಪ್ಪೋ, ಕೆಲವು ರಾತ್ರಿ ಈಗಲೂ ಕೂಡಿ ಕಳೆಯುತ್ತಿರುತ್ತೇನೆ.

ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದು ಬಿಡುವಾಗ ಮಾಲೀಕರು ಕೊಡಬೇಕಾದ ಇಡಿಗಂಟು, ಅದರ ಲೆಕ್ಕ ಎಲ್ಲರೂ ತಿಳಿದಿರಬೇಕಾದ್ದು. ಹತ್ತು ಜನರಿಗಿಂತ ಕಡಿಮೆ ಇಲ್ಲದ ಅಂಗಡಿ, ಐದು ವರ್ಷದ ಸರ್ವಿಸ್ ಇದ್ದರೆ ಅದು ಹಕ್ಕು, ಖುಷಿಗೆ ಕೊಡುವುದಲ್ಲ. ನಾನು ಬಿಟ್ಟಾಗ ಕೊನೆಯ ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಕೂಡಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಬೇಕಿತ್ತು. ನನ್ನದು 14,300. ದಿನಕ್ಕೆ 550, ವರ್ಷಕ್ಕೆ 8,250, ಹದಿನೇಳು ವರ್ಷಕ್ಕೆ 1,40,250. ಅವರು ಪಿಎಫ್ ಶುರುವಾದ 2012ರಿಂದ ಎಣಿಸಿದ್ದರು. ನಾನು ಟ್ರಂಕಿನಿಂದ 2007ರ ದೀಪಾವಳಿ ಬೋನಸ್ ಚೀಟಿ ತೆಗೆದು ಮೇಜಿನ ಮೇಲಿಟ್ಟೆ. ಹಿರಿಯ ಯಜಮಾನರದ್ದೇ ಅಕ್ಷರ. ಜುಲೈ ಕೊನೆಗೆ ಬಿಟ್ಟೆ. ಆಗಸ್ಟ್‌ನಲ್ಲಿ ಪೂರ್ತಿ ಮೊತ್ತ, ಜೊತೆಗೆ ಒಂದು ತಿಂಗಳ ಸಂಬಳ, ಚೆಕ್ಕಿನಲ್ಲಿ ಬಂತು. 2025ರ ನವೆಂಬರ್‌ನಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ಈಗಿನ ಲೆಕ್ಕ ಹೇಗೆ, ಯಾವ ಕಲಮು ಅಂತ ವಕೀಲರನ್ನೇ ಕೇಳಿ.

ಈಗ ಮನೆಯಲ್ಲೇ ಫಾಲ್ಸ್, ಕುಚ್ಚು ಹಾಕುತ್ತೇನೆ. ಮದುವೆ ಜವಳಿಗೆ ಹೋಗುವವರು ಸೀರೆ ಆರಿಸೋಕೆ ಜೊತೆಗೆ ಕರೆಯುತ್ತಾರೆ. ಒಂದು ಸಲ ಆ ಹಳೆ ಅಂಗಡಿಗೇ ಕರೆದುಕೊಂಡು ಹೋದರು. ಹೊಸ ಹುಡುಗಿ ‘ಪ್ಯೂರ್ ಸಿಲ್ಕ್ ಮೇಡಂ’ ಅಂತ ಒಂದು ಸೀರೆ ಬಿಚ್ಚಿದಳು. ಹೆಬ್ಬೆರಳು ಇಟ್ಟೆ, ಪಕ್ಕಕ್ಕೆ ಸರಿಸಿದೆ. ಪಾಪ, ಅವಳ ತಪ್ಪಲ್ಲ. ಹೇಳಿಕೊಡಬೇಕಾದವರು ಯಾರೂ ಮೇಲಿನ ಮಹಡಿಯಲ್ಲಿ ಉಳಿದಿಲ್ಲ.

ನಕ್ಷತ್ರ ಕೊಡುವುದಾದರೆ ಡೈಗೆ ಐದಕ್ಕೆ ಎರಡು. ಬಣ್ಣಕ್ಕೆ ಒಂದು, ಬೆಲೆಗೆ ಒಂದು. ಲಾಂಗ್ ಬುಕ್ಕಿಗೆ ನಾಲ್ಕೂವರೆ. ಬಾಲ್ ಪೆನ್ನು ಹಿಂದಿನ ಪುಟಕ್ಕೆ ಇಳಿಯುವುದಿಲ್ಲ, ಹೊಲಿಗೆ ಗಟ್ಟಿ. ನಮ್ಮ ಜುಲೈ ಮಳೆಯ ಥಂಡಿಗೆ ರಟ್ಟು ಮಾತ್ರ ಹಪ್ಪಳದ ಹಾಗೆ ಮುರುಟಿತು, ಅದಕ್ಕೇ ಅರ್ಧ ಕಡಿತ. ಉಳಿದ ಪುಟಗಳಲ್ಲಿ ಈಗ ಹಾಲಿನ ಲೆಕ್ಕ, ಕುಚ್ಚಿನ ಲೆಕ್ಕ.

ಎರಡನೇ ಡೈ ಪ್ಯಾಕೆಟ್ ಒಡೆಯದೆ ಬಚ್ಚಲ ಗೂಡಿನಲ್ಲಿದೆ. ಬೇಕಿದ್ದವರು ಬಂದು ತಗೊಂಡು ಹೋಗಿ. ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಎರಡು ದಿನ ಕಾಯಿರಿ, ಮರೆಯಬೇಡಿ.