ಮುಚ್ಚಿದ ಯುಕೆ ಕೇರ್ ವೀಸಾಕ್ಕೆ ಇನ್ನೂ ದುಡ್ಡು ತೆಗೆದುಕೊಳ್ಳುತ್ತಿದ್ದಾರೆ, ಜಾಗ್ರತೆ

ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟಾದರೂ ಓದಿ. ಇಂಗ್ಲೆಂಡಿಗೆ ಕೇರ್ ವರ್ಕರ್, ಅಂದರೆ ವೃದ್ಧರ, ರೋಗಿಗಳ ಆರೈಕೆ ಮಾಡುವವರ ವೀಸಾದಲ್ಲಿ ಹೊರದೇಶದಿಂದ ಹೊಸಬರನ್ನು ತೆಗೆದುಕೊಳ್ಳುವುದು 2025ರ ಜುಲೈ 22ಕ್ಕೆ ನಿಂತಿದೆ. ಬಂದ್ ಆಗಿದೆ. ಆದರೂ ಆ ವೀಸಾ ಮಾಡಿಸಿಕೊಡುತ್ತೇವೆ ಅಂತ ಮಂಗಳೂರಿನಲ್ಲಿ ಎಸಿ ಆಫೀಸು ಇಟ್ಟುಕೊಂಡು ನಮ್ಮ ಕಾಸರಗೋಡಿನ ಮಕ್ಕಳಿಂದ ಲಕ್ಷಗಟ್ಟಲೆ ತೆಗೆದುಕೊಳ್ಳುವವರು ಇದ್ದಾರೆ. ನಮ್ಮಿಂದ ನಾಲ್ಕೂವರೆ ಲಕ್ಷ ತೆಗೆದುಕೊಂಡರು. ಆಫೀಸಿನ ಹೆಸರು ಇಲ್ಲಿ ಹಾಕುವುದಿಲ್ಲ. ದೂರು ಕೊಟ್ಟಾಗಿದೆ, ಈಗ ಹೆಸರು ಬರೆಯಬೇಡಿ ಅಂತ ವಕೀಲರು ಹೇಳಿದ್ದಾರೆ.

ಹುಡುಗ ನನ್ನ ಅಕ್ಕನ ಮಗ. ಮನೆ ಪೆರ್ಲದ ಹತ್ತಿರ. ಮಂಗಳೂರಿನಲ್ಲಿ ಜಿಎನ್‌ಎಂ ನರ್ಸಿಂಗ್ ಮುಗಿಸಿ ಅಲ್ಲೇ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದ. ನೈಟ್ ಡ್ಯೂಟಿ ಮಾಡಿ ಮಾಡಿ ಸೋತು ಹೋದ, ರೂಮಿನ ಬಾಡಿಗೆ, ಊಟ ಕಳೆದರೆ ಮನೆಗೆ ಕಳಿಸಲು ಏನೂ ಉಳಿಯುತ್ತಿರಲಿಲ್ಲ. ಭಾವನಿಗೆ ಇರುವುದು ಸ್ವಲ್ಪ ಅಡಿಕೆ ತೋಟ, ಅದಕ್ಕೂ ಎಲೆಚುಕ್ಕಿ ರೋಗ ಬಂದು ಅರ್ಧ ಹೋಗಿದೆ. ನಾನು ಶಾರ್ಜಾದಲ್ಲಿ ಇದ್ದು ಬಂದವನು. ನಮ್ಮ ಕಡೆ ಗಲ್ಫಿನಲ್ಲಿ ಇದ್ದು ಬಂದವನ ಹತ್ತಿರವೇ ವೀಸಾದ ಮಾತು ಬರುವುದು ನಿಮಗೆಲ್ಲ ಗೊತ್ತಲ್ಲ. "ಮಾವ, ನೀವೇ ಒಂದು ದಾರಿ ನೋಡಿ" ಅಂದ.

ನೋಡಿದೆವು. ವಿಸಿಟ್‌ನಲ್ಲಿ ದುಬೈಗೆ ಬಾ, ಇಲ್ಲಿ ಬಂದ ಮೇಲೆ ನೋಡುವ ಅಂತ ಸಂಬಂಧಿಕರೊಬ್ಬರು ಹೇಳಿದರು. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವ ಹಾಗೆ ಇಲ್ಲ, ಮೇಲಿಂದ ಅವನು ನರ್ಸ್, ಅಲ್ಲಿನ ಹೆಲ್ತ್ ಅಥಾರಿಟಿಯ ಲೈಸೆನ್ಸ್ ಬೇಕು, ಸರ್ಟಿಫಿಕೇಟ್‌ಗಳ ಡೇಟಾಫ್ಲೋ, ಅಂದರೆ ಅವು ಅಸಲಿಯಾ ಅನ್ನುವ ಪರಿಶೀಲನೆ ಆಗಬೇಕು. ಅದು ಬೇಡ ಅಂದೆ. ಜರ್ಮನಿಗೆ ಭಾಷೆ ಕಲಿಯಬೇಕು, ವರ್ಷ ಹೋಗುತ್ತದೆ ಅಂತ ಹುಡುಗನಿಗೇ ಅವಸರ. ಯುಕೆಯಲ್ಲಿ ನರ್ಸ್ ಆಗಬೇಕಾದರೆ ಒಇಟಿ ಅಥವಾ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ, ಆಮೇಲೆ ಸಿಬಿಟಿ ಅನ್ನುವ ಕಂಪ್ಯೂಟರ್ ಪರೀಕ್ಷೆ, ಅಲ್ಲಿ ಹೋದ ಮೇಲೆ ಓಸ್ಕಿ ಅನ್ನುವ ಪ್ರಾಕ್ಟಿಕಲ್ ಪರೀಕ್ಷೆ. ಐಇಎಲ್‌ಟಿಎಸ್‌ನಲ್ಲಿ ಏಳು ತೆಗೆಯುವುದು ಕನ್ನಡ ಮೀಡಿಯಂನಲ್ಲಿ ಕಲಿತ ಹುಡುಗನಿಗೆ ಸುಲಭ ಅಲ್ಲ. ಈ ಕಷ್ಟ ಎಲ್ಲಿ ಉಂಟು ಅಂತ ಆ ಆಫೀಸಿನವರಿಗೆ ಚೆನ್ನಾಗಿ ಗೊತ್ತು. "ಒಇಟಿ ಬೇಡ, ಐಇಎಲ್‌ಟಿಎಸ್ ಏಳು ಬೇಡ, ಕೇರರ್ ಆಗಿ ಹೋಗಿ, ಅಲ್ಲಿ ಹೋದ ಮೇಲೆ ನರ್ಸ್ ಆಗಬಹುದು." ಅವರು ಹಾಕಿದ ಮೊದಲ ಗಾಳವೇ ಇದು.

ಎರಡನೆಯದು ಅವಸರ. 2025ರ ಮೇ 12ಕ್ಕೆ ಬ್ರಿಟನ್ ಸರ್ಕಾರ ಶ್ವೇತಪತ್ರ ಹೊರಡಿಸಿ, ಕೇರ್ ವರ್ಕರ್ ದಾರಿ ಮುಚ್ಚುತ್ತೇವೆ ಅಂತ ಹೇಳಿತ್ತು. ಅದನ್ನೇ ಇವರು ಬಂಡವಾಳ ಮಾಡಿಕೊಂಡರು. "ಸರ್, ಮುಚ್ಚುವ ಮೊದಲು ಹುಡುಗ ಒಳಗೆ ಇರಬೇಕು. ಈ ವಾರ ಅಡ್ವಾನ್ಸ್ ಹಾಕಿದರೆ ಸೀಟು ಉಂಟು, ಇಲ್ಲದಿದ್ದರೆ ಇಲ್ಲ." ಸುದ್ದಿ ನಿಜ, ಪೇಪರಿನಲ್ಲಿ ಬಂದದ್ದು. ನಿಜವಾದ ಸುದ್ದಿ ತೋರಿಸಿಯೇ ಹೆದರಿಸಿದರು.

ಒಂಬತ್ತು ಲಕ್ಷದ ಎಸ್ಟಿಮೇಟ್ ಕೊಟ್ಟರು. ಅದರಲ್ಲಿ ಹೆಲ್ತ್ ಸರ್ಚಾರ್ಜ್ ಅಂದರೆ ಅಲ್ಲಿನ ಸರ್ಕಾರಿ ಆಸ್ಪತ್ರೆ ಸೇವೆಗೆ ಕಟ್ಟುವ ಶುಲ್ಕ 3,60,000, ಸಿಒಎಸ್ ಅಂದರೆ ಅಲ್ಲಿನ ಕಂಪನಿ ಕೊಡುವ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟಿಗೆ 3,00,000, ವೀಸಾ ಫೀ 60,000, ಉಳಿದ 1,80,000 ಅವರ ಸರ್ವಿಸ್. ಲೆಟರ್‌ಹೆಡ್ಡಿನಲ್ಲಿ ಪ್ರಿಂಟ್ ಮಾಡಿ, ಯೂನಿಯನ್ ಜ್ಯಾಕ್ ಬಾವುಟ ಹಾಕಿ ಕೊಟ್ಟಿದ್ದರು. ಈಗ ಕೇಳಿ. ಹೆಲ್ತ್ ಅಂಡ್ ಕೇರ್ ವೀಸಾದಲ್ಲಿ (ಕೇರರ್‌ಗಳಿಗೆ ಕೊಡುತ್ತಿದ್ದದ್ದು ಇದೇ) ಹೋಗುವವರಿಗೆ ಹೆಲ್ತ್ ಸರ್ಚಾರ್ಜ್ ಇಲ್ಲವೇ ಇಲ್ಲ, ವಿನಾಯಿತಿ. ಮೂರು ವರ್ಷದವರೆಗಿನ ವೀಸಾ ಫೀ ಆಗ 304 ಪೌಂಡ್, ಅಂದರೆ ಮೂವತ್ತೈದು ಸಾವಿರದ ಆಸುಪಾಸು. ಸಿಒಎಸ್‌ಗೆ ದುಡ್ಡು ಕಟ್ಟಬೇಕಾದ್ದು ಅಲ್ಲಿನ ಕಂಪನಿ, ಆಗ 525 ಪೌಂಡ್. ಅದನ್ನು ಕೆಲಸಗಾರನಿಂದ ವಸೂಲಿ ಮಾಡಬಾರದು ಅಂತ 2024ರ ಡಿಸೆಂಬರ್ 31ರಿಂದ ಅಲ್ಲಿನ ಸರ್ಕಾರ ನಿಯಮ ಮಾಡಿದೆ. ಒಂಬತ್ತು ಲಕ್ಷದಲ್ಲಿ ಆರು ಲಕ್ಷದ ಅರುವತ್ತು ಸಾವಿರ ಹುಡುಗ ಕೊಡಲೇಬೇಕಾಗಿಲ್ಲದ ದುಡ್ಡು! ನಗುನಗುತ್ತಾ, ಚಹಾ ಕೊಟ್ಟು, ಕ್ಯಾಲ್ಕುಲೇಟರ್ ಒತ್ತಿ ಒತ್ತಿ ತೋರಿಸಿದರು.

ಅರ್ಧ ಮೊದಲು, ಅರ್ಧ ವೀಸಾ ಬಂದ ಮೇಲೆ. ಅಕ್ಕ ತನ್ನ ಬಳೆ, ಮದುವೆಯ ಸರ ಸಹಕಾರಿ ಬ್ಯಾಂಕಿನಲ್ಲಿ ಅಡವು ಇಟ್ಟಳು. ಭಾವ ದರ ಬರಲಿ ಅಂತ ಇಟ್ಟುಕೊಂಡಿದ್ದ ಅಡಿಕೆ ಕೊಟ್ಟರು. ಎರಡು ಲಕ್ಷ ಅಕೌಂಟಿಗೆ, ಎರಡೂವರೆ ಲಕ್ಷ ಕ್ಯಾಶ್. ಕ್ಯಾಶ್ ಯಾಕೆ ಅಂತ ಕೇಳಿದ್ದಕ್ಕೆ "ಜಿಎಸ್‌ಟಿ ನಿಮಗೇ ಉಳಿಯುತ್ತದೆ ಸರ್" ಅಂದರು. ರಸೀದಿ ಕೊಟ್ಟದ್ದು ಬರೀ ಐವತ್ತು ಸಾವಿರಕ್ಕೆ. ಅದರಲ್ಲಿ ವೀಸಾ ಅಂತಲೂ ಇಲ್ಲ, ಕೆಲಸ ಅಂತಲೂ ಇಲ್ಲ. ಡಾಕ್ಯುಮೆಂಟೇಶನ್ ಮತ್ತು ಕೌನ್ಸೆಲಿಂಗ್ ಚಾರ್ಜ್, ಹಿಂತಿರುಗಿಸಲಾಗದು ಅಂತ ಕೆಳಗೆ ನೀಲಿ ಸೀಲು. ಉಳಿದದ್ದಕ್ಕೆ "ಫೈನಲ್ ಬಿಲ್ಲಿನಲ್ಲಿ ಒಟ್ಟಿಗೆ ಬರುತ್ತದೆ". ಹುಡುಗನ ಒರಿಜಿನಲ್ ಪಾಸ್‌ಪೋರ್ಟೂ ಅವರ ಹತ್ತಿರವೇ ಉಳಿಯಿತು.

ಜುಲೈ 22 ಬಂತು, ಹೋಯಿತು. ಫೋನ್ ಮಾಡಿದರೆ "ನಿಮ್ಮದು ಹಳೇ ಕೋಟಾ, ಟೆನ್ಶನ್ ಬೇಡ". ಮತ್ತೆ ಮಾಡಿದರೆ "ಸರ್ ಮೀಟಿಂಗ್‌ನಲ್ಲಿ ಇದ್ದಾರೆ". ಮತ್ತೆ ಮಾಡಿದರೆ "ಎಂಬೆಸಿಯಲ್ಲಿ ಉಂಟು". ಬಯೋಮೆಟ್ರಿಕ್ಸೇ ಕೊಡದ ಹುಡುಗನ ಅರ್ಜಿ ಯಾವ ಎಂಬೆಸಿಯಲ್ಲಿ ಇರುತ್ತದೆ?

ಆಗಸ್ಟ್ ಕೊನೆಗೆ ವಾಟ್ಸಾಪಿನಲ್ಲಿ ಒಂದು ಪಿಡಿಎಫ್ ಬಂತು. ಸಿಒಎಸ್ ಬಂದಿದೆ, ಅಭಿನಂದನೆಗಳು, ಇನ್ನು ಬಾಕಿ ಹಣ ರೆಡಿ ಮಾಡಿ ಅಂತ. ಮನೆಯಲ್ಲಿ ಪಾಯಸ ಆಯಿತು ಅವತ್ತು. ಹುಡುಗ ಅದನ್ನು ತನ್ನ ಸೀನಿಯರ್ ಒಬ್ಬಳಿಗೆ ಕಳಿಸಿದ. ಬದಿಯಡ್ಕ ಕಡೆಯವಳು, ಒಇಟಿ ಬರೆದು ಸರಿಯಾದ ದಾರಿಯಲ್ಲಿ ಹೋಗಿ ಲೀಡ್ಸ್‌ನಲ್ಲಿ ನರ್ಸ್ ಆಗಿದ್ದಾಳೆ. ರಾತ್ರಿ ಅವಳೇ ಫೋನ್ ಮಾಡಿದಳು. ಜಗಲಿಯಲ್ಲಿ ಎಲ್ಲರೂ ಕೂತಿದ್ದೆವು, ಸ್ಪೀಕರ್ ಹಾಕಿದ.

"ಅಂಕಲ್, ಇಶ್ಯೂ ಆದ ದಿನಾಂಕ ಎಂತ ಉಂಟು ನೋಡಿ."

ಆಗಸ್ಟ್ 18.

"ಜಾಬ್ ಕೋಡ್?"

6135. ಕೇರ್ ವರ್ಕರ್ ಕೋಡ್ ಅದು. ಜುಲೈ 22ರ ನಂತರ ಇಲ್ಲಿಂದ ಹೊಸದಾಗಿ ಹೋಗುವವನಿಗೆ ಆ ಕೋಡಿನಲ್ಲಿ ಸಿಒಎಸ್ ಕೊಡುವ ಹಾಗೇ ಇಲ್ಲ. ಆಗಲೇ ಅಲ್ಲಿ ವೀಸಾದಲ್ಲಿ ಇದ್ದು ಕೆಲಸ ಮಾಡುವವರಿಗೆ ಮಾತ್ರ ಕೆಲವು ಸಮಯ ರಿಯಾಯಿತಿ. ಮತ್ತೆ ಅವಳು ಹೇಳಿದಳು, ಸಿಒಎಸ್ ಅಂದರೆ ಕಂಪ್ಯೂಟರಿನಲ್ಲಿರುವ ದಾಖಲೆ, ಅದಕ್ಕೊಂದು ನಂಬರ್ ಇರುತ್ತದೆ, ಹೀಗೆ ಸೀಲು ಸಹಿ ಹಾಕಿದ ಸರ್ಟಿಫಿಕೇಟ್ ಅಲ್ಲ. ಪಿಡಿಎಫ್‌ನಲ್ಲಿ ಬ್ರಿಟನ್ ಸರ್ಕಾರದ ಲಾಂಛನ ಮಸುಕು ಮಸುಕು. ಕಂಪನಿಯ ಇಮೇಲ್ ಜಿಮೇಲ್. ಹುಡುಗನ ಹುಟ್ಟಿದ ಊರು "ಕಾಸರಗೋಡು, ಕರ್ನಾಟಕ". ಪಾಸ್‌ಪೋರ್ಟಿನಲ್ಲಿ ಕೇರಳ ಅಂತ ಸ್ಪಷ್ಟ ಉಂಟು. ಲಂಡನ್ನಿನಲ್ಲಿ ಕೂತವನು ಪಾಸ್‌ಪೋರ್ಟ್ ನೋಡಿ ಟೈಪ್ ಮಾಡಿದ್ದರೆ ಕೇರಳ ಅಂತಲೇ ಬರೆಯುತ್ತಿದ್ದ. ಇದನ್ನು ಟೈಪ್ ಮಾಡಿದವನು ಗಡಿಯ ತಲಪಾಡಿಯಿಂದ ಈಚೆ ಬಾರದ ಯಾರೋ.

ಅಕ್ಕನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೂ ನಮ್ಮ ಮುಖ ನೋಡಿ ಗೊತ್ತಾಯಿತು. "ಹಾಗಾದ್ರೆ ಬಳೆ ಹೋಯ್ತಾ ತಮ್ಮಾ?" ಅಂತ ಕೇಳಿದಳು. ನನಗೆ ಉತ್ತರ ಕೊಡಲು ಆಗಲಿಲ್ಲ. ಆ ಪ್ರಶ್ನೆ ಇನ್ನೂ ಕಿವಿಯಲ್ಲಿ ಉಂಟು. ಮಾರನೆ ದಿನ ಪೇಟೆಗೆ ಹೋದರೆ "ಹುಡುಗನ ವೀಸಾ ಬಂತಂತೆ?" ಅಂತ ಕೇಳುವವರು. ಆಮೇಲೆ ವಿಷಯ ತಿಳಿದ ಮೇಲೆ "ಗಲ್ಫಿನಲ್ಲಿ ಇದ್ದವರಿಗೇ ಹೀಗಾ?" ಅಂತ ಕೇಳುವವರು. ತಲೆ ಎತ್ತಿ ನಡೆಯಲು ಆಗದ ಹಾಗೆ ಮಾಡಿದರು.

ಪಿಡಿಎಫ್‌ನಲ್ಲಿ ಇದ್ದದ್ದು ನಿಜವಾದ ಕಂಪನಿಯ ಹೆಸರು. ಬ್ರಿಟನ್ ಸರ್ಕಾರದ ವೆಬ್‌ಸೈಟಿನಲ್ಲಿ ಲೈಸೆನ್ಸ್ ಇರುವ ಸ್ಪಾನ್ಸರ್‌ಗಳ ಪಟ್ಟಿ ಉಂಟು, ಯಾರೂ ನೋಡಬಹುದು, ಅದರಲ್ಲಿ ಆ ಹೆಸರು ಇತ್ತು. ಅಷ್ಟು ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ನಾವು ಆ ಕಂಪನಿಯ ಸ್ವಂತ ವೆಬ್‌ಸೈಟ್ ಹುಡುಕಿ, ಅಲ್ಲಿದ್ದ ವಿಳಾಸಕ್ಕೆ ಮೇಲ್ ಮಾಡಿದೆವು. ಇಂಥವರಿಗೆ ನಾವು ಏನನ್ನೂ ಕೊಟ್ಟಿಲ್ಲ, ಇದು ನಮ್ಮ ದಾಖಲೆ ಅಲ್ಲ ಅಂತ ಉತ್ತರ ಬಂತು.

ಆ ಉತ್ತರ ಹಿಡಿದುಕೊಂಡು ಆಫೀಸಿಗೆ ಹೋದೆವು. ಅವತ್ತಿನ ಮಾತುಗಳನ್ನು ಅವರು ಹೇಳಿದ ಹಾಗೆಯೇ ಬರೆಯುತ್ತೇನೆ. ಹುಟ್ಟಿದ ಊರು ತಪ್ಪು ಉಂಟಲ್ಲ ಅಂದರೆ, "ಟೈಪಿಂಗ್ ಮಿಸ್ಟೇಕ್ ಸರ್, ಎಂಬೆಸಿಯವರು ಸರಿ ಮಾಡ್ತಾರೆ." ಜುಲೈ 22ಕ್ಕೆ ಮುಚ್ಚಿದೆಯಲ್ಲ ಅಂದರೆ, "ಅದು ಪಬ್ಲಿಕ್‌ಗೆ ಸರ್, ನಮಗೆ ಇಂಟರ್ನಲ್ ಕೋಟಾ ಉಂಟು." ಕಂಪನಿಯ ಮೇಲ್ ತೋರಿಸಿದೆ. ಆಗ ಮುಖ ಬದಲಾಯಿತು. "ನೀವು ಯಾರನ್ನು ಕೇಳಿ ಎಂಪ್ಲಾಯರ್‌ಗೆ ಮೇಲ್ ಮಾಡಿದ್ರಿ? ಅಗ್ರಿಮೆಂಟ್ ಬ್ರೇಕ್ ಮಾಡಿದ್ದು ನೀವು. ಈಗ ಅವರು ಬೇಜಾರಾಗಿ ಆಫರ್ ಕ್ಯಾನ್ಸಲ್ ಮಾಡಿದ್ದಾರೆ. ತಪ್ಪು ನಿಮ್ಮದೇ. ರೀಫಂಡ್ ಇಲ್ಲ."

ಕಳ್ಳತನ ಮಾಡಿದವನು ಮನೆಯವನನ್ನೇ ಗದರಿಸಿದ ಹಾಗೆ! ಹುಡುಗನಿಗೆ ಅಳು ಬಂತು. ಪಾಸ್‌ಪೋರ್ಟ್ ಕೊಡಿ ಅಂದರೆ ಕ್ಲೋಸಿಂಗ್ ಫೀ ಇಪ್ಪತ್ತೈದು ಸಾವಿರ ಕಟ್ಟಿ ಅಂದರು. ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು ಅಂತ ಕಾನೂನಿನಲ್ಲೇ ಉಂಟು, ಇಟ್ಟುಕೊಳ್ಳಲು ಇವರು ಯಾರು? ಕೊಡುವವರೆಗೆ ಏಳುವುದಿಲ್ಲ ಅಂತ ಕೂತೆವು, ಬಂದ ಬೇರೆ ಹುಡುಗರಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಮಾತಾಡಿದೆವು, ಕೊನೆಗೆ ಕೊಟ್ಟರು.

ಹೊರಗೆ ಬರುವಾಗ ಮ್ಯಾನೇಜರ್ ಹಿಂದೆಯೇ ಬಂದು ಮೆಲ್ಲಗೆ ಹೇಳಿದ ಮಾತು ಇದು. "ಸರ್, ಸಿಟ್ಟು ಮಾಡ್ಬೇಡಿ. ನೀವು ಗಲ್ಫಿನಲ್ಲಿ ಇದ್ದವರು, ಊರಲ್ಲಿ ನಿಮಗೆ ಮರ್ಯಾದೆ ಉಂಟು. ಇಬ್ಬರು ಹುಡುಗರನ್ನು ಕರ್ಕೊಂಡು ಬನ್ನಿ, ನಿಮ್ಮ ದುಡ್ಡು ಅದರಲ್ಲಿ ಅಡ್ಜಸ್ಟ್ ಮಾಡ್ತೇನೆ." ನಮ್ಮ ಮನೆ ಹಾಳಾದದ್ದು ಸಾಲದು, ನಾನೇ ಇನ್ನೆರಡು ಮನೆ ಹಾಳು ಮಾಡಬೇಕಂತೆ. ನನಗೆ ದುಡ್ಡು ಹೋದದ್ದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಈ ಮಾತಿಗೆ. ನಮ್ಮ ಹುಡುಗನನ್ನು ಅಲ್ಲಿಗೆ ಕಳಿಸಿದ್ದು ಕೂಡ ಒಬ್ಬ ಪರಿಚಯದವರೇ. ಅವರೂ ಹೀಗೆಯೇ ಅಡ್ಜಸ್ಟ್ ಆದವರೋ ಏನೋ, ಈಗ ಫೋನ್ ಎತ್ತುವುದಿಲ್ಲ.

ಪೊಲೀಸ್ ದೂರಿನ ಕಷ್ಟ ಗಡಿಯವರಿಗೇ ಗೊತ್ತು. ಆಚೆ ಹೋದರೆ ನಿಮ್ಮ ಮನೆ ಕೇರಳ, ಅಲ್ಲಿ ಕೊಡಿ. ಈಚೆ ಬಂದರೆ ದುಡ್ಡು ಕೊಟ್ಟದ್ದು ಮಂಗಳೂರಿನಲ್ಲಿ, ಅಲ್ಲಿ ಕೊಡಿ. ಕೊನೆಗೆ ವಕೀಲರನ್ನು ಕರೆದುಕೊಂಡು ಹೋದ ಮೇಲೆ ತೆಗೆದುಕೊಂಡರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ, ಅಪರಾಧ ಎಲ್ಲಿ ನಡೆದಿದ್ದರೂ ನೀವು ಹೋದ ಠಾಣೆಯಲ್ಲಿ ದೂರು ತೆಗೆದುಕೊಳ್ಳಬೇಕು. ಝೀರೋ ಎಫ್‌ಐಆರ್ ಅಂತ ಕೇಳಿ. ಈ ನಂಬರ್ ಬರೆದಿಟ್ಟುಕೊಂಡೇ ಹೋಗಿ, ಇಲ್ಲದಿದ್ದರೆ ತಲಪಾಡಿ ಗೇಟಿನ ಆಚೆ ಈಚೆ ಓಡಾಡಿಸುತ್ತಾರೆ.

ಇನ್ನು ಮಕ್ಕಳನ್ನು ಕಳಿಸಲು ಹೊರಟವರಿಗೆ ಎರಡು ಮಾತು. ಹೊರದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟ್ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಆಗಿರಲೇಬೇಕು, 1983ರ ವಲಸೆ ಕಾನೂನು ಅದು. ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಿ. ನೋಂದಣಿ ಆದವರೂ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ ಮೂವತ್ತು ಸಾವಿರ, ಜಿಎಸ್‌ಟಿ ಸೇರಿ 35,400. ಇವರು ನಮಗೆ ಹಾಕಿದ ಸರ್ವಿಸ್ ಚಾರ್ಜ್ ಎಷ್ಟು ಅಂತ ಮೇಲೆ ಬರೆದಿದ್ದೇನೆ. "ನಾವು ರಿಕ್ರೂಟ್‌ಮೆಂಟ್ ಅಲ್ಲ, ಕನ್ಸಲ್ಟೆನ್ಸಿ" ಅಂದವನ ಹತ್ತಿರ ಕೂರಲೇಬೇಡಿ, ಎದ್ದು ಬನ್ನಿ.

ಮತ್ತೆ ನರ್ಸಿಂಗ್ ಕಲಿತ ಮಕ್ಕಳು ಇರುವವರು ನೋರ್ಕಾ ರೂಟ್ಸ್ ನೋಡಿ. ಹೊರದೇಶದ ಕೆಲಸಕ್ಕೆ ಕಳಿಸುವ ಸಂಸ್ಥೆ, ಕೇರಳ ಸರ್ಕಾರದ್ದೇ. ಜರ್ಮನಿಯ ಸರ್ಕಾರಿ ಉದ್ಯೋಗ ಸಂಸ್ಥೆಯ ಜೊತೆ 2021ರ ಡಿಸೆಂಬರಿನಲ್ಲಿ ಒಪ್ಪಂದ ಆಗಿ, ಟ್ರಿಪಲ್ ವಿನ್ ಅಂತ ಯೋಜನೆ ನಡೆಯುತ್ತಿದೆ. ಆಯ್ಕೆ ಆದವರಿಗೆ ಜರ್ಮನ್ ಭಾಷೆಯನ್ನು ಉಚಿತವಾಗಿ ಕಲಿಸಿ ಕಳಿಸುತ್ತಾರೆ. ಒಡೆಪೆಕ್ ಕೂಡ ಕೇರಳ ಸರ್ಕಾರದ ಅಂಥದ್ದೇ ಸಂಸ್ಥೆ, 1977ರಿಂದ ಉಂಟು. ಇಷ್ಟು ವರ್ಷ ಇವೆಲ್ಲ ನಮ್ಮ ಮನೆಗಳಿಗೆ ಯಾಕೆ ಗೊತ್ತಿಲ್ಲ? ಪ್ರಕಟಣೆ ಎಲ್ಲ ಮಲಯಾಳದಲ್ಲಿ ಬರುತ್ತದೆ, ನಮ್ಮ ಮನೆಗೆ ಬರುವುದು ಮಂಗಳೂರಿನ ಪೇಪರ್. ರೇಷನ್ ಕಾರ್ಡ್ ಕೇರಳದ್ದು, ಓಟು ಕೇರಳದಲ್ಲಿ, ಆದರೆ ಮಕ್ಕಳ ಓದಿಗೆ, ಕೆಲಸಕ್ಕೆ, ಏಜೆಂಟಿಗೆ ನಾವು ನೋಡುವುದು ಮಂಗಳೂರಿನ ಕಡೆಗೇ. ಇದು ಆ ಆಫೀಸಿನವರಿಗೆ ಗೊತ್ತು. ಅವರ ವೆಯ್ಟಿಂಗ್ ರೂಮಿನಲ್ಲಿ ಕೂತವರಲ್ಲಿ ಮಂಜೇಶ್ವರ, ಉಪ್ಪಳ, ಕುಂಬಳೆ, ಮುಳ್ಳೇರಿಯ ಕಡೆಯ ಹುಡುಗ ಹುಡುಗಿಯರೇ ತುಂಬಾ. ಪಂಚಾಯತಿನಲ್ಲಿ, ಗ್ರಂಥಾಲಯದಲ್ಲಿ ನೋರ್ಕಾದ ಪ್ರಕಟಣೆ ಕನ್ನಡದಲ್ಲೂ ಹಾಕಿ ಅಂತ ವಾರ್ಡ್ ಮೆಂಬರಿಗೆ ಬರೆದು ಕೊಟ್ಟಿದ್ದೇನೆ. ನೀವೂ ನಿಮ್ಮ ವಾರ್ಡಿನಲ್ಲಿ ಕೇಳಿ.

ಹುಡುಗ ಈಗ ಮತ್ತೆ ಅದೇ ಆಸ್ಪತ್ರೆಯಲ್ಲಿ ಡ್ಯೂಟಿಗೆ ಹೋಗುತ್ತಿದ್ದಾನೆ, ಜರ್ಮನ್ ಎ1, ಅಂದರೆ ಮೊದಲ ಹಂತದ ಕ್ಲಾಸ್ ಶುರು ಮಾಡಿದ್ದಾನೆ. ಬಳೆಯ ಬಡ್ಡಿ ನಾನು ಕಟ್ಟುತ್ತಿದ್ದೇನೆ.

2025ರ ಜುಲೈ 22ರ ನಂತರದ ದಿನಾಂಕ, 6135 ಕೋಡ್, ಮಸುಕು ಲಾಂಛನ, ಹುಟ್ಟಿದ ಊರಿನ ಮುಂದೆ ಕರ್ನಾಟಕ ಅಂತ ಇರುವ ಪಿಡಿಎಫ್ ನಿಮ್ಮ ಮನೆಗೂ ಬಂದಿದ್ದರೆ ಬಾಕಿ ದುಡ್ಡು ಕೊಡಬೇಡಿ. ಕ್ಯಾಶ್ ಕೊಟ್ಟ ದಿನ ಬ್ಯಾಂಕಿನಿಂದ ತೆಗೆದ ದಾಖಲೆ, ಅಡವಿನ ಚೀಟಿ, ವಾಟ್ಸಾಪ್ ಮೆಸೇಜು, ವಾಯ್ಸ್ ಮೆಸೇಜು ಯಾವುದನ್ನೂ ಅಳಿಸಬೇಡಿ. ಅವರು ತಮ್ಮ ಕಡೆಯಿಂದ ಡಿಲೀಟ್ ಮಾಡಲು ಶುರು ಮಾಡಿದ್ದಾರೆ, ಇವತ್ತೇ ಸ್ಕ್ರೀನ್‌ಶಾಟ್ ತೆಗೆದಿಡಿ. ನಾಚಿಕೆಗೆ ಸುಮ್ಮನಿದ್ದವರು ತುಂಬಾ ಜನ ಇದ್ದಾರೆ ಅಂತ ಠಾಣೆಯಲ್ಲೇ ಹೇಳಿದರು. ಒಬ್ಬರ ದೂರು ಅಂದರೆ ಹಣದ ತಕರಾರು ಅಂತ ಬದಿಗಿಡುತ್ತಾರೆ, ಹತ್ತು ಮನೆಯವರು ಒಟ್ಟಿಗೆ ಹೋದರೆ ಹಾಗೆ ಮಾಡಲು ಆಗುವುದಿಲ್ಲ. ನಮ್ಮ ಜೊತೆ ಬನ್ನಿ.