ಕುಟುಂಬ ಆರೋಗ್ಯ ಸಮೀಕ್ಷೆಯ ಕಾಸರಗೋಡು ಹಾಳೆ: ಯಾವ ಪ್ರಶ್ನೆಗೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು, ಅಂದರೆ ಎನ್‌ಎಫ್‌ಎಚ್‌ಎಸ್-5, 2019–21ರಲ್ಲಿ ನಡೆಯಿತು. ಅದರ ಜಿಲ್ಲಾ ಹಾಳೆಗಳನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ಸಮೀಕ್ಷೆ ಮಾಡಿದ್ದು ಮುಂಬೈಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ. ಹಾಳೆ ಚಿಕ್ಕದು, ಅಚ್ಚುಕಟ್ಟು, ಇರುವುದು ಇಂಗ್ಲಿಷಿನಲ್ಲಿ. ಶೌಚಾಲಯ, ಲಸಿಕೆ, ರಕ್ತಹೀನತೆಯ ವಿಚಾರ ತಿಳಿಯಲು ಒಳ್ಳೆಯ ಸಾಧನ. ಆದರೆ ಗಡಿನಾಡಿನಲ್ಲಿ ಇದನ್ನು ಹೆಚ್ಚಾಗಿ ಎತ್ತಿ ತೋರಿಸುವುದು ಬೇರೊಂದು ಜಗಳಕ್ಕೆ: ಹದಿಹರೆಯದಲ್ಲಿ ಹುಡುಗಿಯರು ಬಸುರಿಯಾಗುವುದಕ್ಕೆ ಕಾರಣ ಧರ್ಮವೋ ಬಡತನವೋ? ಆ ಪ್ರಶ್ನೆಯ ಭಾರವನ್ನು ಈ ಹಾಳೆ ಹೊರಲಾರದು. ಹೊರಿಸಿದರೆ ಪೆಟ್ಟು ಬೀಳುವುದು ಹುಡುಗಿಯರ ಮೇಲೆ.

ಹಾಳೆಯಲ್ಲಿ ನೋಡಬೇಕಾದ ಸಾಲು ‘ಮದುವೆ ಮತ್ತು ಫಲವತ್ತತೆ’ ಭಾಗದಲ್ಲಿದೆ: 15–19 ಪ್ರಾಯದ ಹೆಂಗಸರಲ್ಲಿ ಸಮೀಕ್ಷೆಯ ಹೊತ್ತಿಗೆ ಆಗಲೇ ತಾಯಿಯಾಗಿದ್ದವರು ಅಥವಾ ಬಸುರಿಯಾಗಿದ್ದವರು ನೂರಕ್ಕೆ ಎಷ್ಟು ಮಂದಿ ಎಂಬುದು. ರಾಜ್ಯಗಳ ಮಟ್ಟದಲ್ಲಿ ಈ ಸಾಲು ಗಟ್ಟಿ. ಕೇರಳ 2.4, ಕರ್ನಾಟಕ 5.4, ತಮಿಳುನಾಡು 6.3, ಮಹಾರಾಷ್ಟ್ರ 7.6, ಆಂಧ್ರಪ್ರದೇಶ 12.6, ಇಡೀ ದೇಶ 6.8. ದೇಶದ ಲೆಕ್ಕ 2005–06ರಲ್ಲಿ 16 ಇತ್ತು, 2015–16ರಲ್ಲಿ 7.9. ಎಲ್ಲ ಕಡೆಯೂ ಇಳಿದಿಲ್ಲ. ತಮಿಳುನಾಡಿನಲ್ಲಿ ಅದು 5.0ರಿಂದ ಏರಿದೆ. ಕೇರಳದ ಮನೆಭೇಟಿಗಳು ಲಾಕ್‌ಡೌನಿಗೆ ಮೊದಲೇ ಮುಗಿದಿದ್ದವು, ತಮಿಳುನಾಡಿನದು ಎರಡನೇ ಹಂತದಲ್ಲಿ, ಸ್ವಲ್ಪ ಲಾಕ್‌ಡೌನಿಗೆ ಮೊದಲು, ಉಳಿದದ್ದು ಅದರ ನಂತರ ನಡೆಯಿತು. ಎರಡನ್ನು ಪಕ್ಕಪಕ್ಕ ಇಡುವಾಗ ಇದು ನೆನಪಿರಬೇಕು.

ಜಿಲ್ಲೆಗೆ ಇಳಿದ ಕೂಡಲೇ ಸಾಲು ತೆಳುವಾಗುತ್ತದೆ. ಕೇರಳದಲ್ಲಿ ಮಾತಾಡಿಸಿದ್ದು ಸುಮಾರು 11 ಸಾವಿರ ಹೆಂಗಸರನ್ನು. 14 ಜಿಲ್ಲೆಗೆ ಹಂಚಿದರೆ ಸರಾಸರಿ 780. ಅದರಲ್ಲಿ 15–19ರವರು ನೂರರ ಆಸುಪಾಸು. ನೂರು ಹುಡುಗಿಯರಲ್ಲಿ ಮೂವರು ಸಿಕ್ಕಿದರು ಎಂದಿಟ್ಟುಕೊಳ್ಳಿ. ನಿಜವಾದ ಪ್ರಮಾಣ 0.6ರಿಂದ 8.5ರವರೆಗೆ ಎಲ್ಲಿ ಬೇಕಾದರೂ ಇರಬಹುದು ಎನ್ನುತ್ತದೆ ಶೇ. 95ರ ವಿಶ್ವಾಸದ ಲೆಕ್ಕ. ಕೇರಳದ 2.4 ಕೂಡ ಅದರೊಳಗೆ, ಮಹಾರಾಷ್ಟ್ರದ 7.6 ಕೂಡ ಅದರೊಳಗೆ. ಒಬ್ಬಳು ಹುಡುಗಿ ಹೆಚ್ಚು ಸಿಕ್ಕಿದರೆ ಪ್ರಮಾಣ ಇಡೀ ಒಂದು ಅಂಕ ಮೇಲೇರುತ್ತದೆ. ಹಾಗಾಗಿ ಕಳೆದ ಸುತ್ತಿನ ಅಂಕಿಯನ್ನು ಪಕ್ಕಕ್ಕಿಟ್ಟು ‘ಜಿಲ್ಲೆಯಲ್ಲಿ ಏರಿತು, ಇಳಿಯಿತು’ ಎನ್ನುವುದು ಬೇಡ. ಹಾಳೆಯ ಅಡಿಟಿಪ್ಪಣಿಯನ್ನೂ ಓದಿ: ಕಂಸದೊಳಗಿನ ಅಂಕಿ 25–49 ಮಂದಿಯದು, ನಕ್ಷತ್ರ ಗುರುತಿದ್ದರೆ 25ಕ್ಕಿಂತ ಕಡಿಮೆ ಎಂದು ಅಂಕಿಯನ್ನೇ ಕೊಟ್ಟಿಲ್ಲ.

ಧರ್ಮವಾರು ವಿಂಗಡಣೆ ಜಿಲ್ಲಾ ಹಾಳೆಯಲ್ಲಿ ಇಲ್ಲವೇ ಇಲ್ಲ. 2011ರ ಜನಗಣತಿಯ ಪ್ರಕಾರ ಜಿಲ್ಲೆಯಲ್ಲಿ ಹಿಂದೂಗಳು ಸುಮಾರು ಶೇ. 56, ಮುಸ್ಲಿಮರು 37, ಕ್ರೈಸ್ತರು 7. ಜನಗಣತಿಯ ಈ ಅಂಕಿಗೆ ಹಾಳೆಯ ಬಸುರಿಯರ ಅಂಕಿಯನ್ನು ಗಂಟು ಹಾಕಿ ತೀರ್ಪು ಕೊಡುವುದೇ ದೊಡ್ಡ ತಪ್ಪು. ಊರಿನ ಸರಾಸರಿಯಿಂದ ಮನೆಯೊಳಗಿನ ಕಾರಣ ತಿಳಿಯುವುದಿಲ್ಲ. ಮುಸ್ಲಿಮರ ಪಾಲು ಕಾಲು ಭಾಗಕ್ಕಿಂತ ಹೆಚ್ಚಿರುವ ಕೇರಳದಲ್ಲಿ 2.4, ಅದಕ್ಕಿಂತ ಬಹಳ ಕಡಿಮೆ ಇರುವ ಆಂಧ್ರದಲ್ಲಿ 12.6. ಧರ್ಮವೊಂದೇ ಕಾರಣ ಎಂಬ ಮಾತು ಇಲ್ಲಿಗೇ ಮುರಿಯುತ್ತದೆ. ಹಾಗೆಂದು ಧರ್ಮಕ್ಕೂ ಇದಕ್ಕೂ ಸಂಬಂಧವೇ ಇಲ್ಲವೆಂದು ಇದೇ ಎರಡು ಅಂಕಿಯಿಂದ ಹೇಳಿದರೆ ಅದೂ ಅದೇ ತಪ್ಪು. ಅಮೆರಿಕದ ರಾಜ್ಯಗಳ ಮೇಲೆ 2009ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಧಾರ್ಮಿಕತೆಗೂ ಹದಿಹರೆಯದ ಹೆರಿಗೆಗೂ 0.73ರ ಸಹಸಂಬಂಧ (1 ಎಂದರೆ ಎರಡೂ ಪೂರ್ತಿ ಜೊತೆಜೊತೆಗೆ ಏರುತ್ತವೆ) ಕಂಡಿತು. ಅದೂ ರಾಜ್ಯದ ಸರಾಸರಿಗಳ ಲೆಕ್ಕ. ಅಲ್ಲಿ ಹೆಚ್ಚಿನವು ಮದುವೆಯ ಹೊರಗಿನ ಹೆರಿಗೆ, ಇಲ್ಲಿ ಬಹುಪಾಲು ಮದುವೆಯಾದ ಮೇಲಿನದು. ಆ ವಾದವನ್ನು ಇಲ್ಲಿಗೆ ಎತ್ತಿ ತರಲು ಬರುವುದಿಲ್ಲ.

ಬಡತನದ ಅಂಕಣವೂ ಅಷ್ಟೇ ಜಾಗ್ರತೆ ಕೇಳುತ್ತದೆ. ಸಮೀಕ್ಷೆ ಯಾರ ಸಂಪಾದನೆಯನ್ನೂ ಕೇಳುವುದಿಲ್ಲ. ನೆಲ, ಮಾಡು, ಶೌಚಾಲಯ, ಫ್ರಿಜ್ಜು, ವಾಹನ ನೋಡಿ ದೇಶದ ಮನೆಗಳನ್ನೆಲ್ಲ ಐದು ಪಾಲು ಮಾಡುತ್ತದೆ. ಕೇರಳದ ಹೆಚ್ಚಿನ ಮನೆಗಳು ಮೇಲಿನ ಎರಡು ಪಾಲಿಗೇ ಹೋಗುತ್ತವೆ. ಗಲ್ಫಿನ ದುಡ್ಡಿನಲ್ಲಿ ತಾರಸಿ ಹಾಕಿ ಈಗ ಸಾಲದಲ್ಲಿರುವ ಮನೆಯೂ ಅದರಲ್ಲಿ ‘ಸಿರಿವಂತ’. ಬಡತನ ಅಳೆಯಲು ನಮ್ಮಲ್ಲಿ ರೇಷನ್ ಕಾರ್ಡಿನ ಬಣ್ಣವೇ ಇದಕ್ಕಿಂತ ಹತ್ತಿರ.

ಎರಡೂ ಕಡೆಯವರು ಬಿಟ್ಟುಬಿಡುವ ಅಂಕಣ ಶಾಲೆಯದು. ದೇಶದ ಮಟ್ಟದಲ್ಲಿ ಧರ್ಮವಾರು ನೋಡಿದರೆ ಮುಸ್ಲಿಮರಲ್ಲಿ ಸುಮಾರು 8, ಹಿಂದೂಗಳಲ್ಲೂ ಕ್ರೈಸ್ತರಲ್ಲೂ ಸುಮಾರು 7. ಶಾಲೆಗೇ ಹೋಗದವರಲ್ಲಿ 18, ಹನ್ನೆರಡು ವರ್ಷ ಅಥವಾ ಹೆಚ್ಚು ಓದಿದವರಲ್ಲಿ 4. ಪ್ಲಸ್ ಟು ಮುಗಿಸಿದವರಲ್ಲಿ ಹೆಚ್ಚಿನವರು 17 ದಾಟಿದವರೇ, ಅಂದರೆ ಬಸುರಿಯಾಗಿರುವ ಸಾಧ್ಯತೆ ಹೆಚ್ಚಿರುವ ಪ್ರಾಯದವರು. ಆದರೂ 4 ಎಂಬುದು ಗಮನಿಸುವ ಮಾತು. ಒಂದು ಎಚ್ಚರ: ಮದುವೆ ಗೊತ್ತಾಯಿತೆಂದು ಶಾಲೆ ಬಿಟ್ಟವಳೂ ಕಡಿಮೆ ಓದಿದವರ ಸಾಲಿಗೇ ಸೇರುತ್ತಾಳೆ.

ಕೇರಳ ಸರಕಾರದ ಜನನ ನೋಂದಣಿ ವರದಿಯನ್ನು ಇದರ ಜೊತೆ ಬೆರೆಸುವವರಿದ್ದಾರೆ. 2019ರ ವರದಿಯಲ್ಲಿ 15–19ರ ತಾಯಂದಿರ ಹೆರಿಗೆ 20,995, ಒಟ್ಟಿನಲ್ಲಿ ಶೇ. 4.37. ಇದು ಹೆರಿಗೆಗಳಲ್ಲಿ ಪಾಲು, ಮೊದಲಿನ 2.4 ಹುಡುಗಿಯರಲ್ಲಿ ಪಾಲು. ಎರಡರಲ್ಲಿ ಯಾವುದೂ ಸುಳ್ಳಲ್ಲ. ಆ ಹೆರಿಗೆಗಳಲ್ಲಿ 15,248 ಪೇಟೆಯವು, 5,747 ಹಳ್ಳಿಯವು. ಪೇಟೆಯ ಹುಡುಗಿಯರು ಕೆಟ್ಟರು ಎಂದಲ್ಲ ಇದರ ಅರ್ಥ: ಜನನ ನೋಂದಣಿ ಆಗುವುದು ಹೆರಿಗೆಯಾದ ಜಾಗದಲ್ಲಿ, ಆಸ್ಪತ್ರೆಗಳಿರುವುದು ಪೇಟೆಯಲ್ಲಿ. ಮಂಜೇಶ್ವರ, ಉಪ್ಪಳದವರು ಮಂಗಳೂರಿನಲ್ಲಿ ಹೆತ್ತರೆ ಆ ಮಗು ಕರ್ನಾಟಕದ ಲೆಕ್ಕಕ್ಕೆ. ಸಮೀಕ್ಷೆ ಮನೆಯಲ್ಲಿ ಎಣಿಸುವುದರಿಂದ ಈ ವಿಷಯದಲ್ಲಿ ಅದೇ ಮೇಲು. ಆದರೆ ಹಾಸ್ಟೆಲಿನಲ್ಲಿ ಓದುತ್ತಿರುವ ಹುಡುಗಿಯರು ಅದರ ಲೆಕ್ಕದಿಂದ ತಪ್ಪಿಹೋಗುತ್ತಾರೆ.

18–19ರಲ್ಲಿ ಕಾನೂನುಬದ್ಧವಾಗಿ ಮದುವೆಯಾಗಿ ಬಸುರಿಯಾದವಳನ್ನೂ 15ರ ಹುಡುಗಿಯನ್ನೂ ಒಂದೇ ಅಂಕಿಗೆ ತುಂಬಿರುವುದು ಈ ಹಾಳೆಯ ದೊಡ್ಡ ಕೊರತೆ. ಬಾಲ್ಯವಿವಾಹದ ಬಗ್ಗೆ ಮಾತಾಡುವುದಾದರೆ 20–24ರವರಲ್ಲಿ 18ಕ್ಕೆ ಮೊದಲು ಮದುವೆಯಾದವರ ಸಾಲನ್ನು ನೋಡಿ: ಕೇರಳ 6.3, ಕರ್ನಾಟಕ 21.3.

ಧರ್ಮ, ಬಡತನ ಎರಡನ್ನೂ ಒಟ್ಟಿಗೆ ತೂಗಲೇಬೇಕಿದ್ದರೆ ಜಿಲ್ಲಾ ಹಾಳೆ ಮುಚ್ಚಿ ರಾಜ್ಯ ವರದಿಯ ಕೋಷ್ಟಕಕ್ಕೆ, ಇಲ್ಲವೇ ಮೂಲ ದತ್ತಾಂಶಕ್ಕೆ ಹೋಗಬೇಕು. ಮೂಲ ದತ್ತಾಂಶದಲ್ಲಿ ಪ್ರತಿ ಅಂಕಣಕ್ಕೂ ಒಂದು ಸಂಕೇತವಿದೆ: ವಿ012 (v012) ಪ್ರಾಯ, ವಿ130 ಧರ್ಮ, ವಿ190 ಸಂಪತ್ತು, ವಿ133 ಓದಿದ ವರ್ಷ, ವಿ201 ಹೆತ್ತ ಮಕ್ಕಳು, ವಿ213 ಈಗ ಬಸುರಿಯೇ ಎಂಬುದು. ತೂಕ, ಅಂದರೆ ಒಬ್ಬೊಬ್ಬಳ ಉತ್ತರಕ್ಕೆ ಲೆಕ್ಕದಲ್ಲಿ ಎಷ್ಟು ಬೆಲೆ ಎಂಬ ಅಂಕಿ, ವಿ005ರಲ್ಲಿದೆ; ಅದನ್ನು 10 ಲಕ್ಷದಿಂದ ಭಾಗಿಸಲು ಮರೆಯಬೇಡಿ. ಮೊದಲು 15–17, 18–19 ಎಂದು ಬೇರೆ ಮಾಡಿ, ಆಮೇಲೆ ಓದು, ಆಮೇಲೆ ಸಂಪತ್ತು, ಕೊನೆಗೆ ಧರ್ಮ. ಪ್ರತಿ ಚೌಕದಲ್ಲಿ ತೂಕ ಹಾಕದ ತಲೆಯೆಣಿಕೆ ಬರೆದಿಟ್ಟು, 25ಕ್ಕಿಂತ ಕಡಿಮೆ ಇದ್ದುದನ್ನು ಬಿಡಿ. ಕಾಸರಗೋಡು ಒಂದಕ್ಕೇ ಮಾಡಿದರೆ ಹೆಚ್ಚಿನ ಚೌಕಗಳು ಹೋಗುತ್ತವೆ; ಇಡೀ ಕೇರಳಕ್ಕೆ ಮಾಡಿ.

ಪಂಚಾಯತು ಮಟ್ಟದ ಕೆಲಸಕ್ಕೆ ಇದಾವುದೂ ಬೇಡ. ಆಶಾ ಕಾರ್ಯಕರ್ತೆಯರ ಗರ್ಭಿಣಿ ನೋಂದಣಿ ವಾಸದ ಊರಿನ ಲೆಕ್ಕದ್ದು, ಹೆರಿಗೆ ಮಂಗಳೂರಿನಲ್ಲಾದರೂ ಹೆಸರು ಇಲ್ಲೇ ಇರುತ್ತದೆ. ಹೆಸರು, ವಾರ್ಡು ಬಿಟ್ಟು ಪ್ರಾಯವಾರು ಎಣಿಕೆಯನ್ನಷ್ಟೇ ಕೇಳಿ. ಪೋಕ್ಸೋ ಕಾಯಿದೆಯ ಪ್ರಕಾರ 18ರ ಕೆಳಗಿನ ಬಸಿರನ್ನು ಪೊಲೀಸರಿಗೆ ತಿಳಿಸಲೇಬೇಕಾದ್ದರಿಂದ ಪ್ರಾಯವನ್ನು 18 ಎಂದು ಹೇಳುವ ಒತ್ತಡ ಮನೆಯವರ ಮೇಲಿರುತ್ತದೆ. ಪಟ್ಟಿಯಲ್ಲಿ 17ರವರು ಯಾರೂ ಇಲ್ಲದೆ 18ರವರೇ ಗುಂಪಾಗಿ ಕಂಡರೆ ಶಾಲಾ ದಾಖಲೆಯ ಹುಟ್ಟಿದ ದಿನದೊಂದಿಗೆ ತಾಳೆ ನೋಡುವಂತೆ ಆರೋಗ್ಯ ಕೇಂದ್ರದವರಿಗೇ ಹೇಳಬೇಕು.